ಐರಾಣಿ ಬರೆದ ಕೈ

ನನ್ನ ಚಿತ್ರಗಳ ಬಗ್ಗೆ ಬರೆಯುವವರು ಒಂದು ಮಾತನ್ನು ತಪ್ಪದೆ ಬರೆಯುತ್ತಾರೆ: ‘ಪ್ರಾಚೀನ ಮಡಕೆಗಳ ಜ್ಯಾಮಿತಿಯಿಂದ ಸ್ಫೂರ್ತಿ ಪಡೆದ ಅಮೂರ್ತ ಕಲಾವಿದ.’ ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಪ್ರಾಚೀನವಂತೆ! ನನ್ನ ಸ್ಫೂರ್ತಿಗೆ ಈಗ ಎಪ್ಪತ್ತಾರು ವರ್ಷ. ಅದಕ್ಕೆ ಮೊಣಕಾಲು ನೋವಿದೆ, ದಿನಕ್ಕೆ ನಾಲ್ಕು ಸಲ ಎಲೆ ಅಡಿಕೆ ಬೇಕು, ಮುಂಡರಗಿಯ ಕುಂಬಾರ ಓಣಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಅದು ಇದೆ. ಅದು ನನ್ನ ಅವ್ವ.

ಮೊದಲಿನಿಂದ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವನಿಗೆ ಏನು ಬಂತು ರೋಗ ಎಂದು ನೀವು ಕೇಳಬಹುದು. ನಮ್ಮದು ಕುಂಬಾರರ ಮನೆ. ತಿಗರಿ ತಿರುಗಿಸುವುದು, ಗಡಿಗೆ ಎತ್ತುವುದು ಗಂಡಸರ ಕೆಲಸ. ಅದರ ಮೇಲೆ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ಬರೆಯುವುದು ಎಂದರೆ ಮುಖ್ಯವಾಗಿ ಐರಾಣಿ, ಮದುವೆಗೆಂದೇ ಚಿತ್ತಾರ ಬರೆದ ಗಡಿಗೆ. ನಮ್ಮ ಕಡೆ ಐರಾಣಿ ಇಲ್ಲದೆ ಮದುವೆ ಇಲ್ಲ. ಮದುವೆಯ ಹಿಂದಿನ ದಿನ ಆ ಮನೆಯ ಹೆಂಗಸರು ಬಾಜಾ ಬಜಂತ್ರಿ ಕಟ್ಟಿಕೊಂಡು ಕುಂಬಾರರ ಮನೆಗೆ ಬರುತ್ತಾರೆ. ಸುಣ್ಣದ ಬಿಳಿ, ಕೆಮ್ಮಣ್ಣಿನ ಜಾಜಿನ ಕೆಂಪು ಹಾಕಿ ಬರೆದ ಗಡಿಗೆಗಳಿಗೆ ಪೂಜೆ ಮಾಡಿ, ಕುಂಬಾರಗಿತ್ತಿಗೆ ಉಡಿ ತುಂಬಿ, ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ಮದುವೆ ಮನೆಗೆ ಹೋಗುತ್ತಾರೆ.

ಅವ್ವ ಗಡಿಗೆಯನ್ನು ಬಟ್ಟೆ ಸುತ್ತಿದ ಸಿಂಬಿಯ ಮೇಲೆ ಕೂರಿಸಿ, ಈಚಲ ಕಡ್ಡಿಯ ತುದಿ ಜಜ್ಜಿ ಮಾಡಿದ ಕುಂಚವನ್ನು ಸುಣ್ಣದಲ್ಲಿ ಅದ್ದಿ, ಗಡಿಗೆಯ ಹೊಟ್ಟೆಗೆ ಮುಟ್ಟಿಸುತ್ತಿದ್ದಳು. ಆಮೇಲೆ ಎಡಗೈ ಗಡಿಗೆಯನ್ನು ತಿರುಗಿಸುತ್ತಿತ್ತು. ಬಲಗೈ ಇದ್ದಲ್ಲಿಯೇ ಇದ್ದು ಏಳುತ್ತಿತ್ತು, ಇಳಿಯುತ್ತಿತ್ತು, ಅಷ್ಟೇ. ತ್ರಿಕೋನಗಳು ಸಾಲಾಗಿ ಬಂದು ಕೊನೆಯದು ಮೊದಲನೆಯದಕ್ಕೆ ಸರಿಯಾಗಿ ಕೂಡುತ್ತಿತ್ತು. ಇಷ್ಟೂ ಇಕ್ಕಟ್ಟಿಲ್ಲ, ಇಷ್ಟೂ ಸಂದಿಲ್ಲ. ಅಳತೆಪಟ್ಟಿ ಇಲ್ಲ, ಎಣಿಕೆ ಇಲ್ಲ. ನಾನು ಚಿತ್ರಕಲಾ ಶಾಲೆಯಲ್ಲಿ ಐದು ವರ್ಷ ಕಲಿತೆ. ಇವತ್ತಿಗೂ ಕಂಪಾಸು ಹಿಡಿದು ಗುರುತು ಹಾಕಿಕೊಳ್ಳದೆ ನನಗೆ ಒಂದು ಸುತ್ತು ಮುಗಿಸಲು ಬರುವುದಿಲ್ಲ.

ಚಿಕ್ಕಂದಿನಲ್ಲಿ ನಾನು ಅವ್ವನ ಪಕ್ಕದಲ್ಲಿ ಕೂತು ಒಡೆದ ಗಡಿಗೆಯ ಬೋಕಿಗಳ ಮೇಲೆ ಗೆರೆ ಎಳೆಯುತ್ತಿದ್ದೆ. ಅಪ್ಪ ನೋಡಿದರೆ ಬೈಯುತ್ತಿದ್ದ. “ತಿಗರಿ ಹಿಡಿಯೋ ಅಂದ್ರ ಹೆಂಗಸರ ನಡುವ ಕುಂತು ಸುಣ್ಣ ಬಳಿತಾನ. ಬಳಿ ಇಟಗೊಂಡು ಅಡಗಿ ಮನಿ ಸೇರು ಹೋಗು” ಅನ್ನುತ್ತಿದ್ದ. ತಿಗರಿ ತಮ್ಮನ ಪಾಲಿಗೆ ಬಂತು. ನಾನು ಡ್ರಾಯಿಂಗ್ ಮಾಸ್ತರನಾಗಿ ಲಕ್ಷ್ಮೇಶ್ವರದ ಒಂದು ಶಾಲೆ ಸೇರಿದೆ, ಬೆಟಗೇರಿಯಲ್ಲಿ ಮನೆ ಮಾಡಿದೆ. ಶಾಲೆಯಲ್ಲಿ ನನ್ನ ಕ್ಯಾನ್ವಾಸ್ ಒಂದನ್ನು ನೋಡಿದ ಮುಖ್ಯಾಧ್ಯಾಪಕರು, “ಏನ್ರಿ ಸರ್ ಇದು, ಗಡಿಗಿ ಒಡದು ಗ್ವಾಡಿಗೆ ಹಚ್ಚಿದಂಗ ಐತಿ. ಒಂದು ಚಲೋ ಸೂರ್ಯೋದಯ ತಗೀರಲಾ” ಅಂದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಚಿತ್ರದಲ್ಲಿ ಗಡಿಗೆಯನ್ನು ಕಂಡವರು ಅವರೊಬ್ಬರೇ.

ಒಂದು ಸಲ ರಜೆಯಲ್ಲಿ ಹೊಳೆಯ ಕಡೆಯ ಹೊಲಗಳಲ್ಲಿ ತಿರುಗಾಡುವಾಗ ನೇಗಿಲಿಗೆ ಎದ್ದ ಬೋಕಿಯೊಂದು ಸಿಕ್ಕಿತು. ಕೆಂಪು ಮೈ, ಮೇಲೆ ಬಿಳಿ ಗೆರೆಗಳ ಜಾಳಿಗೆ. ತಿಳಿದವರೊಬ್ಬರಿಗೆ ತೋರಿಸಿದರೆ ಎರಡು ಸಾವಿರ ವರ್ಷದ ಹಿಂದಿನದಿರಬೇಕು ಎಂದರು.  ಓಡಿ ಹೋಗಿ ಅವ್ವನ ಕೈಗೆ ಕೊಟ್ಟೆ. ಅವಳು ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ಮಣ್ಣು ಒರೆಸಿ, ಬಹಳ ಹೊತ್ತು ನೋಡಿದಳು.

“ಈಕಿ ಎಡಗೈಲೆ ಬರದಾಳ ನೋಡು” ಅಂದಳು.

“ಯಾರು?”

“ಇದನ್ನ ಬರದಾಕಿ. ಗೆರಿ ಈ ಕಡಿಂದ ಸುರು ಆಗಿ ಆ ಕಡಿ ಹೋಗತಾ ಸಣ್ಣ ಆಗೈತಿ. ಬಲಗೈಯಾಕಿ ಹಿಂಗ ಎಳಿಯಂಗಿಲ್ಲ. ಇಲ್ಲಿ ಅರ್ಧಕ್ಕ ಕೈ ಎತ್ಯಾಳ. ಕೂಸು ಅತ್ತಿರಬೇಕು, ಪಾಪ.”

ಎಷ್ಟು ಪುಸ್ತಕ ಓದಿದರೂ ನನಗೆ ಇಷ್ಟು ಗೊತ್ತಾಗುತ್ತಿರಲಿಲ್ಲ. ನಾನು ಅಮೂರ್ತ, ಅಮೂರ್ತ ಎಂದು ಬಡಬಡಿಸುತ್ತಿದ್ದ ಗೆರೆಯಲ್ಲಿ ಅವ್ವ ಒಬ್ಬ ಹೆಣ್ಣುಮಗಳನ್ನೂ ಅವಳ ಕೂಸನ್ನೂ ಕಂಡಿದ್ದಳು. ಅವತ್ತಿನಿಂದ ನನ್ನ ಚಿತ್ರ ಬದಲಾಯಿತು. ಕ್ಯಾನ್ವಾಸನ್ನು ಗೋಡೆಗೆ ಆನಿಸುವುದು ಬಿಟ್ಟು ನೆಲದ ಮೇಲೆ ಹಾಸಿ, ಕೈಯನ್ನು ಒಂದೆಡೆ ಇಟ್ಟು ಅದನ್ನೇ ತಿರುಗಿಸುತ್ತಾ ಬರೆಯತೊಡಗಿದೆ. ಆಮೇಲೆ ಬಂದದ್ದು ಹೆಸರು, ಶಾಲು, ಹಾರ, ಪತ್ರಿಕೆಯಲ್ಲಿ ಫೋಟೋ.

ಅಪ್ಪ ತೀರಿಕೊಂಡು ಈಗ ಹನ್ನೆರಡು ವರ್ಷ. ಅವನ ದಿನಕರ್ಮಗಳು ಮುಗಿದ ಮೇಲೆ ಶಿರಹಟ್ಟಿಯ ಒಂದು ಮನೆಗೆ ಐರಾಣಿ ಕೊಡಬೇಕಾಗಿತ್ತು, ಮೊದಲೇ ಒಪ್ಪಿಕೊಂಡಿದ್ದು. ಅವ್ವ ಮುಖ ತೊಳೆದುಕೊಂಡು ಬಂದು ಸುಣ್ಣದ ಬಟ್ಟಲು ಹಿಡಿದು ಕೂತಳು. ಅಪ್ಪನ ತಂಗಿ, ನಮ್ಮ ಸೋದರತ್ತೆ, ಬಂದು ಅವಳ ಕೈಯಿಂದ ಬಟ್ಟಲು ತೆಗೆದುಕೊಂಡಳು. “ಇನ್ನ ಇದನ್ನ ನೀ ಮುಟ್ಟಬಾರದವ್ವಾ. ಮುತ್ತೈದ್ಯಾರ ಕೆಲಸ ಇದು” ಅಂದಳು. ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಅದೇ ನನಗೆ ತಡೆಯಲಾರದ್ದು. ಬೈದು ಕಿತ್ತುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಅವ್ವ ಬಟ್ಟಲು ಬಿಟ್ಟುಕೊಟ್ಟಳು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ನಲವತ್ತು ವರ್ಷ ಊರಿನ ಮದುವೆಗಳಿಗೆಲ್ಲ ಬರೆದ ಕೈ ಗಂಡನ ಉಸಿರು ನಿಂತ ಕೂಡಲೇ ಕೆಟ್ಟದಾಯಿತು. ಹೆಂಗೆ ಕೆಟ್ಟಿತು ಹೇಳಿ ನೋಡೋಣ? ಕೈಗೆ ಹುಳ ಬಿದ್ದಿತ್ತೇ?

ಇನ್ನೂ ಒಂದು ಹೇಳುತ್ತೇನೆ, ಕೇಳಿ. ಅಪ್ಪ ಸತ್ತ ನಾಲ್ಕು ವರ್ಷಕ್ಕೆ ನನ್ನ ಹೆಂಡತಿ ತೀರಿಕೊಂಡಳು. ಎರಡು ತಿಂಗಳಾಗಿರಲಿಲ್ಲ, ಗದಗಿನ ಒಬ್ಬ ವ್ಯಾಪಾರಿ ಮಗಳ ಮದುವೆಯ ಮಂಟಪಕ್ಕೆ ನನ್ನಿಂದಲೇ ಚಿತ್ತಾರ ಬರೆಸಿದರು. “ನಿಮ್ಮ ಕೈ ಗುಣ ಚಲೋ ಐತ್ರಿ ಸರ್” ಅಂದರು. ಹೆಂಡತಿ ಸತ್ತವನ ಕೈಗೆ ಗುಣ ಇತ್ತು. ನಾನೂ ಹೋಗಿ ಬರೆದು ಬಂದೆ, ನಾಚಿಕೆಗೇಡಿ.

ಮನೆಯಲ್ಲಿ ಐರಾಣಿ ಬರೆಯುವ ಕೆಲಸ ತಮ್ಮನ ಹೆಂಡತಿಗೆ ಬಿತ್ತು. ಒಳ್ಳೆಯ ಹುಡುಗಿ, ಆದರೆ ಗೆರೆ ಅವಳ ಮಾತು ಕೇಳುತ್ತಿರಲಿಲ್ಲ. ತ್ರಿಕೋನಗಳು ಒಂದರ ಮೇಲೊಂದು ಬೀಳುತ್ತಿದ್ದವು. ಬಂದವರು “ಮೊದಲಿನಂಗ ಇಲ್ಲಬಿಡು” ಎಂದು ಗೊಣಗುತ್ತಿದ್ದರು. ಆಮೇಲೆ ಕೆಲವು ತಿಂಗಳಲ್ಲಿ ಗೆರೆ ಇದ್ದಕ್ಕಿದ್ದಂತೆ ಸುಧಾರಿಸಿತು. “ಅತ್ತಿ ಕೈ ಸೊಸಿಗೆ ಇಳದೈತಿ” ಎಂದು ಓಣಿಯವರು ಹೊಗಳಿದರು. ನಾನೂ ನಂಬಿದ್ದೆ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಲಕ್ಷ್ಮೇಶ್ವರದಿಂದ ನೇರವಾಗಿ ಮುಂಡರಗಿಗೆ ಹೋದೆ. ಮಟಮಟ ಮಧ್ಯಾಹ್ನ. ಒಳಗಿನಿಂದ ಚಿಲಕ ಹಾಕಿತ್ತು. ಬಡಿದೆ. ಸ್ವಲ್ಪ ಹೊತ್ತಿಗೆ ತಮ್ಮನ ಹೆಂಡತಿ ಬಂದು ಬಾಗಿಲು ತೆಗೆದಳು. ಅವಳ ಐದೂ ಬೆರಳಿಗೆ ಸುಣ್ಣ, ಹನಿ ಹನಿ ತೊಟ್ಟಿಕ್ಕುತ್ತಿತ್ತು. ಬರೆಯುವವರ ಬೆರಳಿಗೆ ಅಷ್ಟು ಸುಣ್ಣ ಹತ್ತುವುದಿಲ್ಲ, ಅದು ನನಗೆ ಗೊತ್ತಲ್ಲ! ಬಾಗಿಲು ಬಡಿದ ಸದ್ದಿಗೆ, ಬರೆಯುತ್ತಿದ್ದವಳು ತಾನೇ ಎಂದು ತೋರಿಸಲು, ಕೈಯನ್ನು ಬಟ್ಟಲಲ್ಲಿ ಅದ್ದಿಕೊಂಡು ಬಂದಿದ್ದಳು. ಒಳಗಿನ ಕೋಣೆಯಲ್ಲಿ ಅವ್ವ ಸಿಂಬಿಯ ಮುಂದೆ ಕೂತಿದ್ದಳು, ಕಡ್ಡಿ ಇನ್ನೂ ಕೈಯಲ್ಲೇ ಇತ್ತು. ನನ್ನನ್ನು ನೋಡಿ, “ಅಯ್ಯ, ನೀನಽ ಏನು? ಚಿಲಕ ಹಾಕವ್ವಾ” ಎಂದು ಮತ್ತೆ ಗಡಿಗೆ ತಿರುಗಿಸಿದಳು. ಅವಳ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಕದ್ದು ಬೆಲ್ಲ ತಿನ್ನುವ ಹುಡುಗಿಯ ಮುಖ. ಮನೆಯಲ್ಲಿ ನಾಲ್ವರಿಗೆ ಬಿಟ್ಟು ಯಾರಿಗೂ ಈ ವಿಷಯ ಗೊತ್ತಾಗಲಿಲ್ಲ.

ಹೋದ ವರ್ಷ ಗದಗಿನಲ್ಲಿ ನನ್ನ ದೊಡ್ಡ ಪ್ರದರ್ಶನವಾಯಿತು. ಅವ್ವನನ್ನು ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿದ್ದೆ. ವೇದಿಕೆಗೆ ಶೋಭೆ ಎಂದು ಸಂಘಟಕರು ಕೇಳಿದ್ದರಿಂದ ಮನೆಯಿಂದ ಐದು ಐರಾಣಿ ಗಡಿಗೆಗಳನ್ನೂ ತಂದಿದ್ದೆ. ದೀಪದ ಸುತ್ತ ಅವನ್ನು ಜೋಡಿಸಿದ್ದರು. ಬೆಂಗಳೂರಿನಿಂದ ಬಂದ ವಿಮರ್ಶಕರು ಗಡಿಗೆಗಳನ್ನು ನೋಡಿ, “ನೋಡಿ, ಈ ಅನಾಮಿಕ ಪರಂಪರೆಯನ್ನು ಕಲಾವಿದರು ಹೇಗೆ ಆಧುನಿಕ ಪ್ರಜ್ಞೆಗೆ ಏರಿಸಿದ್ದಾರೆ” ಅಂದರು. ಅನಾಮಿಕ! ಅನಾಮಿಕ ನಾಲ್ಕು ಮಾರು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. 

ದೀಪ ಹಚ್ಚುವ ಹೊತ್ತಾಯಿತು. ಅವ್ವ ಎದ್ದು ವೇದಿಕೆಯ ಹತ್ತಿರ ಹೋಗಿ, ಓರೆಯಾಗಿ ನಿಂತಿದ್ದ ಒಂದು ಗಡಿಗೆಯನ್ನು ಸರಿ ಮಾಡುತ್ತಿದ್ದಳು. ರೇಷ್ಮೆ ಸೀರೆಯ ಸಂಘಟಕಿಯೊಬ್ಬರು ಬಂದು, ನಗುನಗುತ್ತಲೇ, “ಅಮ್ಮಾರ, ನೀವು ಸ್ವಲ್ಪ ಹಿಂದ ಹೋಗಿ ಕುಂಡ್ರಿ. ದೀಪ ಹಚ್ಚೂದೈತಿ, ಮುತ್ತೈದ್ಯಾರು ಬರ್ತಾರ” ಅಂದರು. ಅವ್ವ ತಕ್ಷಣ ಹಿಂದೆ ಸರಿದಳು. ಅವಳಿಗೆ ರೂಢಿ ಆಗಿಬಿಟ್ಟಿತ್ತು. ನನಗೆ ಆಗಿರಲಿಲ್ಲ. ನನ್ನ ತಲೆ ಕೆಟ್ಟು ಮೊಸರು ಗಡಿಗೆ ಆಯಿತು. ಹೋಗಿ ಮೈಕ್ ಕಸಿದುಕೊಂಡೆ.

“ತಡೀರಿ! ಈಗ ನೀವು ಎಬ್ಬಿಸಿ ಹಿಂದ ಕಳಿಸಿದ್ರಲ್ಲಾ, ಆಕಿ ನನ್ನ ಅವ್ವ. ಈ ಐದೂ ಗಡಿಗಿ ಬರದಾಕಿ ಆಕಿನ. ಗಂಡ ಸತ್ತಾಕಿ. ಹತ್ತು ವರ್ಷದಿಂದ ನಮ್ಮ ಮನಿಯಿಂದ ಹ್ವಾದ ಐರಾಣಿ ಎಲ್ಲಾ ಆಕಿ ಬರದದ್ದು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಎಷ್ಟ ಊರಾಗ ಎಷ್ಟ ಲಗ್ನ ಆಗ್ಯಾವು! ಯಾರ ಸಂಸಾರ ಹಾಳಾಗೈತಿ? ಯಾರರ ಒಬ್ಬರು ಬಂದು ಹೇಳ್ರಿ ನೋಡೂಣು!”

 ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು. ವಿಮರ್ಶಕರು ಕಣ್ಣು ಒರೆಸಿಕೊಂಡರು. ನನ್ನ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಅವ್ವನ ಕಡೆ ನೋಡಿದೆ. ಕುರ್ಚಿ ಖಾಲಿ ಇತ್ತು. ಅವಳು ಹೊರಗೆ ಬಂದು ನಮ್ಮ ಬಾಡಿಗೆ ಕಾರಿನ ಹತ್ತಿರ ನಿಂತಿದ್ದಳು.  ನಾವು ಮುಂಡರಗಿ ಮುಟ್ಟುವ ಮೊದಲೇ ನನ್ನ ಭಾಷಣದ ವಿಡಿಯೋ ಓಣಿಯ ಎಲ್ಲರ ಮೊಬೈಲಿಗೆ ಮುಟ್ಟಿತ್ತು.

ನಾನು ಕೇಳಿದ ಪ್ರಶ್ನೆಗೆ ಉತ್ತರ ನಾಲ್ಕನೆಯ ದಿನ ಮನೆಗೇ ಬಂತು. ಶಿರಹಟ್ಟಿಯಿಂದ ಒಬ್ಬ ಹೆಣ್ಣುಮಗಳು ಬಂದಳು, ನನಗಿಂತ ಸಣ್ಣ ವಯಸ್ಸಿನವಳು. ಮೂರು ವರ್ಷದ ಹಿಂದೆ ಮಗಳ ಮದುವೆಗೆ ನಮ್ಮಲ್ಲಿಂದ ಐರಾಣಿ ಒಯ್ದಿದ್ದಳು. ಮದುವೆಯಾದ ಎಂಟು ತಿಂಗಳಿಗೆ ಅಳಿಯ ಮೋಟರ್ ಸೈಕಲ್ ಮೇಲಿಂದ ಬಿದ್ದು ತೀರಿಕೊಂಡಿದ್ದ. ಆಕೆ ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ಅವ್ವನನ್ನು ಕೇಳಿದಳು: “ನಮ್ಮ ಮನಿ ಗಡಿಗಿ ಬರದಾಕಿ ನೀನಽ ಏನು?”

ತಮ್ಮನ ಹೆಂಡತಿ ಅಡ್ಡ ಬಂದಳು. “ಇಲ್ರೀ ಅಕ್ಕಾರ. ನಿಮ್ಮದು ನಾ ಬರದಿದ್ದೆ. ನನ್ನ ಮಕ್ಕಳ ಆಣಿ” ಅಂದಳು. ಮಕ್ಕಳ ಮೇಲೆ ಸುಳ್ಳು ಆಣೆ ಇಟ್ಟಳು ಆ ಹುಡುಗಿ, ನನ್ನ ಬಾಯಿ ಮಾಡಿದ ಹೊಲಸನ್ನು ತೊಳೆಯಲು.

ಅವ್ವ ಅವಳನ್ನು ಪಕ್ಕಕ್ಕೆ ಸರಿಸಿದಳು. “ಮಕ್ಕಳ ಆಣಿ ಇಡಬ್ಯಾಡ. ನಾನಽ ಬರದೀನಿ, ತಂಗಿ. ನಿಮ್ಮದು ಚೌಕದಾಗ ಚೌಕ ಇತ್ತು, ಗಡಿಗಿ ಕೊಳ್ಳಿಗೆ ಎರಡೆಳಿ ಜಾಜು.”

ಆಕೆ ಅವ್ವನ ಕೈಯನ್ನೇ ನೋಡುತ್ತಾ ನಿಂತಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. “ಹೇಳಬೇಕಾಗಿತ್ತು ನೀವು” ಎಂದಳು, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಗಾಡಿ ಜೋರಾಗಿ ಹೊಡೆದರೆ ಗಡಿಗೆ ಏನು ಮಾಡುತ್ತದೆ, ನಿಮ್ಮ ತಲೆಯಲ್ಲಿ ಏನು ತುಂಬಿದೆ ಎಂದು ಕೂಗಾಡಿದೆ. ಮಗಳ ಕುಂಕುಮ ಹೋದ ತಾಯಿಯ ಮುಂದೆ!

“ಬಾಯಿ ಮುಚ್ಚಲೇ!” ಎಂದಳು ಅವ್ವ. ಜೀವಮಾನದಲ್ಲಿ ಅವಳು ನನ್ನ ಮೇಲೆ ಹಾಗೆ ಕೂಗಿದ್ದಿಲ್ಲ. ಆಮೇಲೆ ಆ ಹೆಣ್ಣುಮಗಳ ಮುಂದೆ ನೀರಿನ ತಂಬಿಗೆ ಇಟ್ಟಳು. ಆಕೆ ಕುಡಿಯದೆ ಹೋದಳು.

ಅವ್ವ ಸುಣ್ಣದ ಬಟ್ಟಲನ್ನು ತೊಳೆದು ಅಟ್ಟದ ಮೇಲೆ ಇಟ್ಟಳು. ಐರಾಣಿಗೆ ಹೇಳಿದ್ದವರು ಒಬ್ಬೊಬ್ಬರಾಗಿ ಬೇಡ ಎಂದರು. ಕೆಲವರು ಗದಗಿನ ಪೇಟೆಯಲ್ಲಿ ಆಯಿಲ್ ಪೇಂಟ್ ಹೊಡೆದ ಸ್ಟೀಲಿನ ಕೊಡ ಕೊಂಡರು. ಅವಕ್ಕೆ ಪೇಂಟ್ ಹೊಡೆದವನ ಹೆಂಡತಿ ಇದ್ದಾಳೋ ಸತ್ತಾಳೋ ಯಾರೂ ಕೇಳಲಿಲ್ಲ. ಮತ್ತೆ ನನಗೆ ಚಪ್ಪಾಳೆ ಹೊಡೆದರಲ್ಲ, ಅವರು? ಫೋನ್ ಮಾಡಿ ಕ್ರಾಂತಿ, ದಿಟ್ಟತನ ಎಂದೆಲ್ಲ ಹೊಗಳಿದರು. ಅವರ ಮನೆಗಳಲ್ಲೂ ಈ ವರ್ಷ ಮದುವೆಗಳಾದವು. ನಮ್ಮ ಮನೆಯ ಬಾಗಿಲಿಗೆ ಒಬ್ಬನೇ ಒಬ್ಬ ಬರಲಿಲ್ಲ. ಶಿರಹಟ್ಟಿಯ ಆ ತಾಯಿಯ ಮೇಲಿನ ಸಿಟ್ಟು ನನಗೆ ಅವತ್ತೇ ಇಳಿಯಿತು. ಇವರ ಮೇಲಿನದು ಇಳಿಯುವುದಿಲ್ಲ.

ಎದುರು ನಿಂತು ಎಂದೂ ದನಿ ಎತ್ತದ ತಮ್ಮನ ಹೆಂಡತಿ ಒಂದು ದಿನ ನನ್ನ ಮುಂದೆ ಚಹಾ ಇಟ್ಟು ಅಲ್ಲೇ ನಿಂತಳು. “ಬಾವಾರ, ಒಂದು ಮಾತು ಹೇಳ್ತೀನಿ, ತಪ್ಪು ತಿಳಕೋಬ್ಯಾಡ್ರಿ. ಅತ್ತಿ ಈಗ ಮಧ್ಯಾಹ್ನ ಆದ್ರ ಗ್ವಾಡಿಗೆ ಮಾರಿ ಮಾಡಿ ಮಲಗ್ತಾಳ. ನಿದ್ದಿ ಹತ್ತಂಗಿಲ್ಲ, ಸುಮ್ಮನ ಮಲಗ್ತಾಳ. ನಾವು ಇಬ್ಬರೂ ಚಿಲಕ ಹಾಕ್ಕೊಂಡು ಎಷ್ಟು ನಗತಿದ್ವಿ ಗೊತ್ತೇನ್ರಿ ನಿಮಗ? ನಿಮಗ ಹೇಳು ಅಂತ ಯಾರು ಹೇಳಿದ್ರು?” ನಾನು ಚಹಾ ಕುಡಿಯದೆ ಎದ್ದು ಬಂದೆ.

ಹೀಗೆ ಬಿಡಬಾರದೆಂದು ಅವ್ವನನ್ನು ಬೆಟಗೇರಿಗೆ ಕರೆತಂದೆ. ನನ್ನ ಕೋಣೆಯಲ್ಲಿ ದೊಡ್ಡ ಕ್ಯಾನ್ವಾಸ್ ಹಾಸಿದೆ. ಬಣ್ಣ ಬೇಡ ಎಂದು ಸುಣ್ಣವನ್ನೇ ಕಲಸಿದೆ, ಜಾಜು ತೇಯ್ದೆ, ಈಚಲ ಕಡ್ಡಿ ಜಜ್ಜಿ ಇಟ್ಟೆ. ಅವ್ವ ಕೂತು ಬಟ್ಟೆಯ ಮೇಲೆ ಅಂಗೈ ಆಡಿಸಿದಳು. ಕಡ್ಡಿ ಕೈಗೆ ತೆಗೆದುಕೊಂಡಳು. 

“ಬರಿ ಅವ್ವಾ. ಇಲ್ಲಿ ನಿನ್ನ ಯಾರೂ ಬ್ಯಾಡ ಅನ್ನಂಗಿಲ್ಲ. ನಿನ್ನ ಹೆಸರ್ಲೇನಽ ಬೆಂಗಳೂರಾಗ ಹಚ್ಚತೀನಿ.”

“ಹಚ್ಚಿ?”

“ಮಂದಿ ಬಂದು ನೋಡ್ತಾರ.”

“ನೋಡಿ?”

 ಅವ್ವ ಕಡ್ಡಿಯನ್ನು ಬಟ್ಟಲಿನ ಅಂಚಿಗೆ ಒರಗಿಸಿಟ್ಟಳು. ಸುಣ್ಣಕ್ಕೆ ಅದ್ದಿರಲೇ ಇಲ್ಲ.

“ಹೆಸರು ಬೇಕಂತ ನಾ ಯಾವಾಗ ಕೇಳಿದ್ದೆ ನಿನಗ? ನನ್ನ ಗಡಿಗಿ ಒಯ್ಯಾಕ ಬಾಜಾ ಹಚಗೊಂಡು ಬರ್ತಿದ್ರು. ಉಡಿ ಸೊಸಿಗೆ ತುಂಬತಿದ್ರು, ತುಂಬಲಿ. ನಾ ಒಳಗ ಕತ್ತಲಿ ಕ್ವಾಣ್ಯಾಗ ಕಿಟಕಿ ಸಂದ್ಯಾಗಿಂದ ನೋಡ್ತಿದ್ದೆ. ಐದು ಮಂದಿ ತಲಿ ಮ್ಯಾಲೆ ನಾ ಬರದದ್ದು ಓಣಿ ದಾಟಿ ಹೋಗತಿತ್ತು. ಅಷ್ಟಽ ಸಾಕಿತ್ತು ನನಗ. ಅದನ್ನೂ ಕಸಗೊಂಡಿ.”

ಅಷ್ಟು ಹೇಳಿ ಮೊಣಕಾಲಿನ ಮೇಲೆ ಕೈ ಊರಿ ಎದ್ದಳು. ಮುಂಡರಗಿಯ ಬಸ್ಸು ಎಷ್ಟೊತ್ತಿಗೆ ಇದೆ ಎಂದು ಕೇಳಿದಳು. ನಾನು ಹೇಳಿದೆ.